ಮಾರ್ಷಲ್‌ನ ಕಾಲು: ಒಬ್ಬ ನಟನ 20 ವರ್ಷವನ್ನು ನಾನು ನೋಡಿದ ಬಗೆ

ಜೇಮ್ಸ್ ಆರ್ನೆಸ್ ಅನ್ನುವ ಹೆಸರನ್ನು ನಾನು ಮೊದಲು ಕೇಳಿದ್ದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ, ಮಗಳ ಮನೆಯಲ್ಲಿ. ಜನವರಿ ತಿಂಗಳು. ಬಾಗಿಲು ತೆಗೆದರೆ ಮೊಣಕಾಲುದ್ದ ಹಿಮ. ಮಗಳು, ಅಳಿಯ ಕೆಲಸಕ್ಕೆ, ಮೊಮ್ಮಗ ಸ್ಕೂಲಿಗೆ. ಮನೆಯಲ್ಲಿ ನಾನೊಬ್ಬಳೇ. ಟಿವಿ ಹಾಕಿದೆ. ಹಳೆಯ ಕಾರ್ಯಕ್ರಮಗಳನ್ನೇ ತೋರಿಸುವ ಒಂದು ಚಾನೆಲ್ ಸಿಕ್ಕಿತು. ಕಪ್ಪು ಬಿಳುಪು ಚಿತ್ರ. ಧೂಳಿನ ಬೀದಿ, ಹಲಗೆಯ ಮನೆಗಳು, ಎದೆಗೆ ಬ್ಯಾಡ್ಜ್ ಸಿಕ್ಕಿಸಿಕೊಂಡ ತುಂಬ ಎತ್ತರದ ಒಬ್ಬ ಮನುಷ್ಯ. ಅವನ ಎದುರು ಯಾರೋ ಒಬ್ಬ ತನ್ನ ಕಷ್ಟ ಹೇಳಿಕೊಳ್ಳುತ್ತಿದ್ದ. ಈ ಮನುಷ್ಯ ಸುಮ್ನೆ ಕೇಳುತ್ತಿದ್ದ. ಅಷ್ಟೇ. ಆದರೆ ನನ್ನ ಕಣ್ಣು ಮಾತಾಡುವವನ ಮೇಲೆ ನಿಲ್ಲಲಿಲ್ಲ. ಕೇಳುವವನ ಮೇಲೆ ನಿಂತಿತು.

ಅದಕ್ಕೆ ಕಾರಣ ಇದೆ. ನಾನು ಮೈಸೂರಿನಲ್ಲಿ 27 ವರ್ಷ ಆಕಾಶವಾಣಿ ನಾಟಕಗಳಲ್ಲಿ ಪಾತ್ರ ಮಾಡಿದವಳು. ರೇಡಿಯೊದಲ್ಲಿ ಸುಮ್ಮನಿರುವ ಪಾತ್ರಕ್ಕೆ ಜಾಗವೇ ಇಲ್ಲ. ನೀವು ಮಾತಾಡದಿದ್ದರೆ ಕೇಳುಗರ ಪಾಲಿಗೆ ಕೋಣೆ ಬಿಟ್ಟು ಎದ್ದು ಹೋದ ಹಾಗೆ. ಅದಕ್ಕೇ ನಾವು ನಡುನಡುವೆ ಒಂದು "ಹೂಂ", ಒಂದು "ಹೌದಾ", ಒಂದು ಉಸಿರು ಸೇರಿಸುತ್ತಿದ್ದೆವು. ಏನೂ ಹೇಳದೆ ಒಂದು ದೃಶ್ಯವನ್ನು ಹಿಡಿದು ನಿಲ್ಲಿಸಬಹುದು ಅನ್ನುವುದು ನನಗೆ ಗೊತ್ತಿರಲಿಲ್ಲ. ಆ ಮಧ್ಯಾಹ್ನ ಅದನ್ನು ಕಣ್ಣಾರೆ ನೋಡಿದೆ.

ರಾತ್ರಿ ಊಟದ ಹೊತ್ತಿಗೆ ಮಗಳು ಫೋನಿನಲ್ಲಿ ಹುಡುಕಿ ಹೇಳಿದಳು. "ಅಮ್ಮ, ಆ ಕಾರ್ಯಕ್ರಮದ ಹೆಸರು ಗನ್‌ಸ್ಮೋಕ್. ಹಳೆಯ ವೆಸ್ಟರ್ನ್ ಧಾರಾವಾಹಿ, ಅಂದರೆ ಕೌಬಾಯ್ ಕಾಲದ ಕತೆ. ಅವರು ಜೇಮ್ಸ್ ಆರ್ನೆಸ್. ಹುಟ್ಟಿದ್ದು ಇದೇ ಊರಲ್ಲಿ, 1923ರ ಮೇ 26ಕ್ಕೆ." ಇನ್ನೊಂದು ಸಂಗತಿಯೂ ಸಿಕ್ಕಿತು. 1945ರಲ್ಲಿ ಅವರು ಇದೇ ಮಿನಿಯಾಪೊಲಿಸ್‌ನ ಡಬ್ಲ್ಯೂಎಲ್‌ಒಎಲ್ ಅನ್ನುವ ರೇಡಿಯೊ ಕೇಂದ್ರದಲ್ಲಿ ಅನೌನ್ಸರ್ ಆಗಿದ್ದರು. ಮೈಕಿನ ಮುಂದೆ ಶುರು ಮಾಡಿದವರು! ನನಗೆ ಅಷ್ಟು ಸಾಕಾಯಿತು. ಆ ಚಳಿಗಾಲದಿಂದ ಮೂರು ಚಳಿಗಾಲ ನಾನು ಈ ಒಬ್ಬ ನಟನ ಹಿಂದೆ ಹೋದೆ. ಒಬ್ಬ ನಟ ಇಡೀ ಬದುಕಿನಲ್ಲಿ ಮಾಡಿದ ಕೆಲಸವನ್ನು ಹೇಗೆ ನೋಡುವುದು, ಹೇಗೆ ಬರೆದಿಟ್ಟುಕೊಳ್ಳುವುದು ಅಂತ ಅನೇಕರು ಕೇಳಿದ್ದಾರೆ. ನಾನು ಮಾಡಿದ್ದನ್ನು ಮಾಡಿದ ಹಾಗೇ ಹೇಳುತ್ತೇನೆ.

ಮೊದಲು ಮಾಡಿದ ತಪ್ಪಿನಿಂದಲೇ ಶುರು ಮಾಡುತ್ತೇನೆ. ಟಿವಿಯಲ್ಲಿ ಬಂದದ್ದನ್ನು ಬಂದ ಹಾಗೇ ನೋಡುತ್ತಾ ಟಿಪ್ಪಣಿ ಬರೆಯತೊಡಗಿದೆ. ಎರಡು ತಿಂಗಳಲ್ಲಿ ಒಂದು ನೋಟ್‌ಬುಕ್ ತುಂಬಿತು. ಆಮೇಲೆ ಗೊತ್ತಾಯಿತು, ಆ ಚಾನೆಲ್‌ನಲ್ಲಿ ಜಾಹೀರಾತಿಗೆ ಜಾಗ ಬೇಕು ಅಂತ ಕಂತುಗಳನ್ನು ಅಲ್ಲಲ್ಲಿ ಕತ್ತರಿಸಿದ್ದರು. ಕತ್ತರಿಸುವವರು ಏನನ್ನು ತೆಗೆಯುತ್ತಾರೆ ಹೇಳಿ? ಗುಂಡಿನ ಕಾಳಗ ತೆಗೆಯುವುದಿಲ್ಲ. ಮಾತು ಮುಗಿದ ಮೇಲಿನ ಮೌನ ತೆಗೆಯುತ್ತಾರೆ, ಒಬ್ಬ ಬಾಗಿಲಿನಿಂದ ಮೇಜಿನವರೆಗೆ ನಡೆಯುವುದನ್ನು ತೆಗೆಯುತ್ತಾರೆ. ನನಗೆ ಬೇಕಾಗಿದ್ದುದೇ ಅವು. ಆ ನೋಟ್‌ಬುಕ್ ಪೂರ್ತಿ ಪಕ್ಕಕ್ಕಿಟ್ಟು, ಲೈಬ್ರರಿಯಿಂದ ಡಿವಿಡಿ ತಂದು ಮೊದಲ ಕಂತಿನಿಂದ ಶುರು ಮಾಡಿದೆ.

ಇನ್ನೊಂದು ಗೊಂದಲವೂ ಆಯಿತು. ಗನ್‌ಸ್ಮೋಕ್‌ನಲ್ಲಿ ಆರ್ನೆಸ್ ಪಾತ್ರ ಮ್ಯಾಟ್ ಡಿಲ್ಲನ್, ಡಾಡ್ಜ್ ಸಿಟಿ ಅನ್ನುವ ಊರಿನಲ್ಲಿ ಕಾನೂನು ಕಾಯುವ ಮಾರ್ಷಲ್. ಹಳೆಯ ಪಟ್ಟಿಗಳಲ್ಲಿ "ಮಾರ್ಷಲ್ ಡಿಲ್ಲನ್" ಅಂತ ಒಂದು ಕಾರ್ಯಕ್ರಮ ಕಂಡಿತು. ಇನ್ನೊಂದು ಕಡೆ "ಗನ್ ಲಾ" ಅಂತ ಇತ್ತು. ಆರ್ನೆಸ್ ಇನ್ನೂ ಎರಡು ಧಾರಾವಾಹಿ ಮಾಡಿದ್ದಾರೆ ಅಂತ ನಾನು ಬರೆದುಕೊಂಡೂಬಿಟ್ಟೆ. ಎಲ್ಲವೂ ಒಂದೇ. ಅರ್ಧ ಗಂಟೆಯ ಹಳೆಯ ಕಂತುಗಳನ್ನು ಮರುಪ್ರಸಾರ ಮಾಡುವಾಗ ಮೊದಲನೆಯ ಹೆಸರು ಇಟ್ಟರು. ಎರಡನೆಯದು ಬ್ರಿಟನ್‌ನಲ್ಲಿ ಇಟ್ಟ ಹೆಸರು. ಹಳೆಯ ಟಿವಿ ನಟರ ಬಗ್ಗೆ ಯಾರಾದರೂ ಬರೆಯಲು ಕೂತರೆ ಇದನ್ನು ನೆನಪಿಡಿ. ಹೆಸರುಗಳ ಪಟ್ಟಿ ಉದ್ದ ಇದ್ದ ಮಾತ್ರಕ್ಕೆ ಕೆಲಸ ಜಾಸ್ತಿ ಅಂತಲ್ಲ.

ಒಟ್ಟು 635 ಕಂತು. 1955ರಿಂದ 1975ರವರೆಗೆ, 20 ಸೀಸನ್. ಇದರಲ್ಲಿ ಮೊದಲ 233 ಅರ್ಧ ಗಂಟೆಯವು. 1961ರಿಂದ ಒಂದು ಗಂಟೆಯ ಕಂತುಗಳು ಶುರುವಾದವು, ಅವುಗಳಲ್ಲಿ 176 ಕಪ್ಪು ಬಿಳುಪು. 1966ರಿಂದ ಬಣ್ಣ ಬಂತು, ಅವು 226. ಈ ಮೂರು ಭಾಗಗಳನ್ನೇ ನಾನು ಮೂರು ಬಣ್ಣದ ನೋಟ್‌ಬುಕ್ ಮಾಡಿಕೊಂಡೆ. ಪುಟಕ್ಕೆ ನಾಲ್ಕು ಕಾಲಂ. ಕಂತಿನ ತಾರೀಕು ಒಂದು. ಅವರು ಎಲ್ಲಿ ನಿಂತಿದ್ದಾರೆ, ಎಲ್ಲಿ ಕೂತಿದ್ದಾರೆ ಅನ್ನುವುದು ಎರಡು. ಯಾರ ಮಾತು ಕೇಳುತ್ತಿದ್ದಾರೆ ಅನ್ನುವುದು ಮೂರು. ನಾಲ್ಕನೆಯ ಕಾಲಂ ಖಾಲಿ ಬಿಟ್ಟಿದ್ದೆ. ಅದು ಯಾಕೆ ಬೇಕಾಯಿತು ಅಂತ ಮುಂದೆ ಹೇಳುತ್ತೇನೆ.

ದಿನಕ್ಕೆ ಎರಡು ಕಂತಿಗಿಂತ ಜಾಸ್ತಿ ನೋಡಲಿಲ್ಲ. ಪ್ರತಿ ಕಂತನ್ನೂ ಒಂದು ಸಲ ದನಿಯೊಂದಿಗೆ, ಇಷ್ಟವಾದರೆ ಇನ್ನೊಂದು ಸಲ ದನಿ ನಿಲ್ಲಿಸಿ. ದನಿ ನಿಲ್ಲಿಸಿ ನೋಡುವುದು ನನಗೆ ಬಹಳ ಕಷ್ಟವಾಯಿತು. ಜೀವನವಿಡೀ ಕಿವಿಯನ್ನೇ ನಂಬಿದವಳು. ಆದರೆ ಮೈ ಏನು ಹೇಳುತ್ತಿದೆ ಅನ್ನುವುದು ಹಾಗೆ ನೋಡಿದರೇ ಗೊತ್ತಾಗುವುದು.

ಮೊದಲ ಕಂತು 1955ರ ಸೆಪ್ಟೆಂಬರ್ 10ರದು. ವೆಸ್ಟರ್ನ್ ಸಿನಿಮಾಗಳ ದೊಡ್ಡ ನಟ ಜಾನ್ ವೇಯ್ನ್ ಬಂದು ನಿಂತು ನೋಡುಗರಿಗೆ ಆರ್ನೆಸ್‌ರ ಪರಿಚಯ ಮಾಡಿಕೊಡುತ್ತಾರೆ. ಆಮೇಲೆ ಕತೆ. ನನ್ನ ನಿರೀಕ್ಷೆ ಏನಿತ್ತು? ಹೊಸ ನಾಯಕ ಬಂದ, ಮೊದಲ ಕಂತಿನಲ್ಲೇ ನಾಲ್ಕು ಜನರನ್ನು ಹೊಡೆದು ಹಾಕುತ್ತಾನೆ ಅಂತ. ಇಲ್ಲಿ ಆಗುವುದು ಬೇರೆ. ಡ್ಯಾನ್ ಗ್ರ್ಯಾಟ್ ಅನ್ನುವ ಬಂದೂಕುಗಾರ ಡಾಡ್ಜ್ ಸಿಟಿಗೆ ಬರುತ್ತಾನೆ. ಮಾರ್ಷಲ್ ಮ್ಯಾಟ್ ಡಿಲ್ಲನ್ ಎದುರು ನಿಲ್ಲುತ್ತಾನೆ. ಮಾರ್ಷಲ್ ಸೋಲುತ್ತಾನೆ. ಗುಂಡು ತಿಂದು ಬೀಳುತ್ತಾನೆ. ಮಲಗಿಕೊಂಡು ಯೋಚನೆ ಮಾಡುತ್ತಾನೆ. ಗ್ರ್ಯಾಟ್ ಕೈ ಬಹಳ ಚುರುಕು, ಆದರೆ ಗುರಿ ಅಷ್ಟಿಲ್ಲ. ಅದಕ್ಕೇ ಅವನು ಹತ್ತಿರ ಬಂದೇ ಹೊಡೆಯುತ್ತಾನೆ. ಎರಡನೇ ಸಲ ಮಾರ್ಷಲ್ ಅವನನ್ನು ಹತ್ತಿರ ಬರಲು ಬಿಡುವುದಿಲ್ಲ. ಹೊಸ ನಟನನ್ನು ಜನರ ಮುಂದೆ ತರುವಾಗ ಸೋಲಿನಿಂದ ತರುವುದು ದೊಡ್ಡ ಧೈರ್ಯ ಅಲ್ವಾ? ನಾನು ಆ ಕಂತನ್ನು ಆ ವಾರ ಐದು ಸಲ ನೋಡಿದೆ.

ಅರ್ಧ ಗಂಟೆಯ ಆ ಹಳೆಯ ಕಂತುಗಳು ಸಾಮಾನ್ಯವಾಗಿ ಊರಾಚೆಯ ಸ್ಮಶಾನದಲ್ಲಿ ಶುರುವಾಗುತ್ತಿದ್ದವು. ಮಾರ್ಷಲ್ ಗೋರಿಗಳ ನಡುವೆ ನಡೆಯುತ್ತಾ ತನ್ನಷ್ಟಕ್ಕೆ ಮಾತಾಡುತ್ತಾನೆ. ಈ ಭಾಗ ಬಂದಾಗ ನನ್ನ ಕಿವಿ ನೆಟ್ಟಗಾಗುತ್ತಿತ್ತು. ಇದು ಪೂರ್ತಿ ರೇಡಿಯೊ ಬರವಣಿಗೆ. ಹುಡುಕಿದರೆ ನಿಜವಾಗಿಯೂ ಹಾಗೇ. ಗನ್‌ಸ್ಮೋಕ್ ಮೊದಲು ರೇಡಿಯೊದಲ್ಲಿ ಬಂದದ್ದು, 1952ರಿಂದ 1961ರವರೆಗೆ. ಕಟ್ಟಿದವರು ನಾರ್ಮನ್ ಮ್ಯಾಕ್‌ಡೊನೆಲ್ ಮತ್ತು ಜಾನ್ ಮೆಸ್ಟನ್. ಅಲ್ಲಿ ಮ್ಯಾಟ್ ಡಿಲ್ಲನ್ ಆಗಿದ್ದವರು ವಿಲಿಯಂ ಕಾನ್ರಾಡ್.

ಕಾನ್ರಾಡ್ ಬಗ್ಗೆ ನಾನು ಸ್ವಲ್ಪ ನಿಲ್ಲಲೇಬೇಕು. ಎಂಥ ದನಿ ಅದು! ತಳದಿಂದ ಬರುವ ದನಿ. ದಣಿದ ದನಿ. ರಾತ್ರಿ ಎಲ್ಲರೂ ಮಲಗಿದ ಮೇಲೆ ಕಿವಿಗೆ ಹಾಕಿಕೊಂಡು ಕೇಳುತ್ತಿದ್ದೆ. ಟಿವಿಗೆ ಮಾಡುವ ಹೊತ್ತಿಗೆ ಕಾನ್ರಾಡ್ ಮತ್ತು ಅವರ ರೇಡಿಯೊ ಜೊತೆಗಾರರನ್ನು ಆರಿಸಲಿಲ್ಲ. ಅವರದು ದಪ್ಪನೆಯ, ಗುಂಡಗಿನ ಮೈ. ನೋಡುವ ಮಾರ್ಷಲ್‌ಗೆ ಬೇರೆಯೇ ಮೈಕಟ್ಟು ಬೇಕು ಅಂದರು. ಟಿವಿಯಲ್ಲಿ ಇನ್ನೊಬ್ಬರು ಅದೇ ಪಾತ್ರ ಮಾಡುತ್ತಿದ್ದಾಗ ಕಾನ್ರಾಡ್ ಆರು ವರ್ಷ ರೇಡಿಯೊದಲ್ಲಿ ಅದನ್ನು ಮಾಡುತ್ತಲೇ ಹೋದರು. ಇದು ನನಗೆ ತುಂಬ ನೋವು ಕೊಟ್ಟ ವಿಷಯ. ನನ್ನ ಜೊತೆ ಪಾತ್ರ ಮಾಡುತ್ತಿದ್ದ ಒಳ್ಳೊಳ್ಳೆಯ ದನಿಗಳಿಗೆ ಟಿವಿ ಬಂದ ಮೇಲೆ ಏನಾಯಿತು ಅಂತ ನನಗೆ ಗೊತ್ತು. ಕಾನ್ರಾಡ್‌ಗೆ ಮುಂದೆ ಒಳ್ಳೆಯದಾಯಿತು. 1971ರಲ್ಲಿ ಕ್ಯಾನನ್ ಅನ್ನುವ ಪತ್ತೇದಾರಿ ಧಾರಾವಾಹಿ ಬಂತು, ಗನ್‌ಸ್ಮೋಕ್ ಬರುತ್ತಿದ್ದ ಅದೇ ಸಿಬಿಎಸ್ ಟಿವಿಯಲ್ಲಿ. ಅವರೇ ನಾಯಕ, ಅದೇ ದಪ್ಪ ಮೈಯಲ್ಲಿ. ಇದನ್ನು ಓದಿದ ದಿನ ನಾನು ಮನೆಯಲ್ಲಿ ಕೇಸರಿಬಾತ್ ಮಾಡಿದೆ.

ಮೆಸ್ಟನ್ ಬರೆದ ಅನೇಕ ರೇಡಿಯೊ ಕತೆಗಳು ಟಿವಿಗೂ ಬಂದವು. ಇದು ನನಗೆ ಸಿಕ್ಕ ದೊಡ್ಡ ಅದೃಷ್ಟ. ಒಂದೇ ಕತೆಯನ್ನು ಮೊದಲು ಕಾನ್ರಾಡ್ ದನಿಯಲ್ಲಿ ಕೇಳುವುದು, ಆಮೇಲೆ ಆರ್ನೆಸ್ ಮಾಡಿದ್ದನ್ನು ನೋಡುವುದು. ಕಾನ್ರಾಡ್ ತನ್ನ ದಣಿವನ್ನು ಹೇಳುತ್ತಾರೆ. ಆರ್ನೆಸ್ ಅದನ್ನು ಹೇಳುವುದಿಲ್ಲ. ಕುರ್ಚಿಯಲ್ಲಿ ಕೂರುವ ಬಗೆಯಲ್ಲಿ ಇಡುತ್ತಾರೆ. ನನ್ನಂಥ ರೇಡಿಯೊದವಳಿಗೆ ಇದನ್ನು ಕಾಣಲು ಸುಮಾರು 60 ಕಂತು ಬೇಕಾಯಿತು.

ಇನ್ನು ಜಾನ್ ವೇಯ್ನ್ ಕತೆ. ಎಲ್ಲ ಕಡೆ ಇದು ಬರುತ್ತದೆ. ಮ್ಯಾಟ್ ಡಿಲ್ಲನ್ ಪಾತ್ರವನ್ನು ಮೊದಲು ವೇಯ್ನ್‌ಗೆ ಕೊಟ್ಟರಂತೆ, ಅವರು ಬೇಡ ಅಂದು ಆರ್ನೆಸ್ ಹೆಸರು ಹೇಳಿದರಂತೆ. ನಾನೂ ನನ್ನ ಮೊದಲ ಬರಹದಲ್ಲಿ ಹಾಗೇ ಬರೆದಿದ್ದೆ. ಓದುತ್ತಾ ಹೋದ ಮೇಲೆ ಹೊಡೆದು ಹಾಕಿದೆ. ಮೊದಲ ವರ್ಷ ಕಾರ್ಯಕ್ರಮ ನಿರ್ಮಿಸಿ ನಿರ್ದೇಶಿಸಿದವರು ಚಾರ್ಲ್ಸ್ ಮಾರ್ಕ್ವಿಸ್ ವಾರನ್. ವೇಯ್ನ್‌ಗೆ ಪಾತ್ರ ಕೊಡುವ ಯೋಚನೆಯೇ ಇರಲಿಲ್ಲ ಅಂತ ಅವರೇ ಹೇಳಿದ್ದಾರೆ. ಆರ್ನೆಸ್ 1952ರಲ್ಲಿ ವಾರನ್‌ರದೇ ಒಂದು ಸಿನಿಮಾದಲ್ಲಿ ಪಾತ್ರ ಮಾಡಿದ್ದರು. ಅದನ್ನು ನೋಡಿಯೇ ಆರಿಸಿದ್ದು ಅಂದರು. ವೇಯ್ನ್ ಪರಿಚಯ ಮಾಡಿಕೊಟ್ಟದ್ದು ನಿಜ. ಆರ್ನೆಸ್ ವೇಯ್ನ್ ಅವರ ಕಂಪನಿಯಲ್ಲಿ ಒಪ್ಪಂದದ ಮೇಲೆ ಇದ್ದದ್ದೂ ನಿಜ, ಅವರ ಜೊತೆ ಸಿನಿಮಾಗಳಲ್ಲಿ ಕೆಲಸ ಮಾಡಿದ್ದೂ ನಿಜ. ಒಬ್ಬ ನಟನಿಗೆ ಸಿಕ್ಕ ಅವಕಾಶದ ಹಿಂದೆ ಅವನದೇ ಹಳೆಯ ಕೆಲಸ ಇರುವಾಗ, ಅದನ್ನು ಬಿಟ್ಟು ದೊಡ್ಡವರ ಕೃಪೆ ಅಂತ ಬರೆಯುವುದು ಅವನಿಗೆ ಮಾಡುವ ಅನ್ಯಾಯ. ನಾನು ಇದರಲ್ಲಿ ಗಟ್ಟಿಯಾಗಿದ್ದೇನೆ.

ಹಾಗಾಗಿ 1955ಕ್ಕಿಂತ ಹಿಂದೆಯೂ ಹೋಗಬೇಕಾಯಿತು. ಹುಟ್ಟಿದ ಹೆಸರು ಜೇಮ್ಸ್ ಕಿಂಗ್ ಆರ್ನೆಸ್ ಅಂತಲೇ ನಮಗೆ ಕೇಳುತ್ತದೆ, ಆದರೆ ಇಂಗ್ಲಿಷಿನಲ್ಲಿ ಬರೆಯುವಾಗ ನಡುವೆ ಒಂದು ಯು ಅಕ್ಷರ ಇತ್ತು. ಅಪ್ಪನ ಕಡೆಯವರು ನಾರ್ವೆಯವರು. ಸಿನಿಮಾಕ್ಕೆ ಬಂದಾಗ ಆ ಅಕ್ಷರ ಬಿಟ್ಟರು. ತಮ್ಮ ಪೀಟರ್ ಹೆಸರನ್ನೇ ಬದಲಿಸಿಕೊಂಡು ಪೀಟರ್ ಗ್ರೇವ್ಸ್ ಆದರು. ಮಿಷನ್ ಇಂಪಾಸಿಬಲ್ ಧಾರಾವಾಹಿಯ ಆ ಬಿಳಿ ಕೂದಲಿನ ನಾಯಕ ಅಂದರೆ ಕೆಲವರಿಗೆ ನೆನಪಾಗಬಹುದು. ವಿಶೇಷ ಅಂದರೆ 1955ರ ಅದೇ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ತಮ್ಮನೂ ಮಕ್ಕಳಿಗಾಗಿ ಮಾಡಿದ ಒಂದು ಕುದುರೆಯ ಧಾರಾವಾಹಿಯಲ್ಲಿ ಬಂದರು.

ಆರ್ನೆಸ್‌ರ ಮೊದಲ ಸಿನಿಮಾ 1947ರಲ್ಲಿ. ನಾಯಕಿ ಲೊರೆಟ್ಟಾ ಯಂಗ್, ಇವರು ಆಕೆಯ ಅಣ್ಣತಮ್ಮಂದಿರಲ್ಲಿ ಒಬ್ಬರು. 1951ರಲ್ಲಿ ಹಿಮದಲ್ಲಿ ಹೂತುಹೋಗಿದ್ದ ಬೇರೆ ಗ್ರಹದ ಜೀವಿಯ ಪಾತ್ರ. ಮುಖ ಪೂರ್ತಿ ಮೇಕಪ್ಪಿನಲ್ಲಿ ಮುಚ್ಚಿಹೋಗಿದೆ. 6 ಅಡಿ 7 ಇಂಚು ಎತ್ತರದ ನಟನಿಗೆ ಆಗ ಸಿಗುತ್ತಿದ್ದುದು ಇಂಥವೇ. ಭಯ ಹುಟ್ಟಿಸುವವನು, ಇಲ್ಲವೇ ನಾಯಕನ ಹಿಂದೆ ನಿಲ್ಲುವವನು. ಈ ಸಿನಿಮಾಗಳನ್ನು ನಾನು ಬೇಗ ಬೇಗ ನೋಡಿ ಮುಗಿಸಿದೆ. ಅಲ್ಲಿ ಅವರಿಗೆ ಕೆಲಸವೇ ಕಡಿಮೆ.

ಈಗ ನಾಲ್ಕನೆಯ ಕಾಲಂ ವಿಷಯ.

ಎರಡನೆಯ ಚಳಿಗಾಲ. ದನಿ ನಿಲ್ಲಿಸಿ ಒಂದು ಕಂತು ನೋಡುತ್ತಿದ್ದೆ. ಪಕ್ಕದಲ್ಲಿ ಮೊಮ್ಮಗ ಹೋಮ್‌ವರ್ಕ್ ಮಾಡುತ್ತಿದ್ದ. ತಲೆ ಎತ್ತಿ ನೋಡಿ, "ಅಜ್ಜಿ, ಇವ್ರಿಗೆ ಕಾಲು ನೋವಾ?" ಅಂದ. ಕುಂಟುವುದು ಚೆಸ್ಟರ್ ಅಲ್ವಾ ಅಂದೆ. ಚೆಸ್ಟರ್ ಅಂದರೆ ಮಾರ್ಷಲ್‌ನ ಸಹಾಯಕ, ಒಂದು ಕಾಲು ಮಡಿಸಲಾಗದೆ ನೆಟ್ಟಗೆ ಎಳೆದುಕೊಂಡು ನಡೆಯುವವನು. "ಅವ್ರಲ್ಲ. ಉದ್ದ ಇರೋರು" ಅಂದ ಹುಡುಗ.

ಹಿಂದಕ್ಕೆ ಹಾಕಿ ನೋಡಿದೆ. ಮತ್ತೆ ನೋಡಿದೆ. ಕುದುರೆ ಹತ್ತುವ ಕ್ಷಣ, ಮೆಟ್ಟಿಲು ಇಳಿಯುವ ಕ್ಷಣ. ಏನೋ ಒಂದು ಲೆಕ್ಕಾಚಾರ ಇದೆ. ಮೈ ಮುಂಚೆಯೇ ಸಿದ್ಧ ಮಾಡಿಕೊಂಡು ಹೆಜ್ಜೆ ಇಡುತ್ತದೆ.

ಅವರ ಬದುಕಿನ ಬಗ್ಗೆ ಓದಿದಾಗ ಕಾರಣ ಸಿಕ್ಕಿತು. 1943ರಲ್ಲಿ ಸೈನ್ಯಕ್ಕೆ ಸೇರಿದ್ದರು, ಅಮೆರಿಕದ 3ನೇ ಪದಾತಿ ದಳ. 1944ರ ಜನವರಿಯಲ್ಲಿ ಇಟಲಿಯ ಆಂಜಿಯೊ ಸಮುದ್ರ ತೀರದಲ್ಲಿ ದಳ ಇಳಿಯಿತು. ಎಲ್ಲರಿಗಿಂತ ಎತ್ತರ ಅಂತ ಮೊದಲು ನೀರಿಗೆ ಇಳಿಯಲು ಇವರನ್ನೇ ಕಳಿಸಿದರು, ಆಳ ಎಷ್ಟಿದೆ ಅಂತ ಗೊತ್ತಾಗಲಿ ಎಂದು. ಆಮೇಲೆ ಅದೇ ಹೋರಾಟದಲ್ಲಿ ಕಾಲಿಗೆ ಗುಂಡು ಬಿತ್ತು. ಮೂಳೆ ಮುರಿಯಿತು. ಬಹಳ ಕಾಲ ಆಸ್ಪತ್ರೆ, ಶಸ್ತ್ರಚಿಕಿತ್ಸೆಗಳು. ಆ ನೋವು ಬದುಕಿನ ಕೊನೆಯವರೆಗೂ ಉಳಿಯಿತು. ಶೂಟಿಂಗಿನಲ್ಲಿ ಕುದುರೆ ಹತ್ತುವಾಗ ಅದು ಕೆರಳುತ್ತಿತ್ತು. ರೇಡಿಯೊ ಕೇಂದ್ರದಲ್ಲಿ ಅನೌನ್ಸರ್ ಆಗಿದ್ದು ಈ ಆಸ್ಪತ್ರೆಯ ಕಾಲ ಮುಗಿದ ಮೇಲೆ.

ಇನ್ನು ಚೆಸ್ಟರ್ ಪಾತ್ರ ಮಾಡಿದ ಡೆನಿಸ್ ವೀವರ್. ಅವರು ಓಟಗಾರರು, ಜಿಗಿತಗಾರರು. 1948ರ ಒಲಿಂಪಿಕ್ಸ್‌ಗೆ ಅಮೆರಿಕ ತಂಡ ಆರಿಸುವಾಗ ಡೆಕಾಥ್ಲಾನ್‌ನಲ್ಲಿ ಆರನೇ ಸ್ಥಾನ ಬಂದವರು. ಹತ್ತು ಬಗೆಯ ಆಟ ಆಡಬಲ್ಲ ಮೈ ಅದು. ಚೆಸ್ಟರ್‌ನ ಕುಂಟು ಅವರೇ ಯೋಚಿಸಿ ತಂದದ್ದು. ನಾಯಕನ ಜೊತೆಗಾರ ಯಾಕೆ ತಾನೇ ಹೋರಾಡುವುದಿಲ್ಲ ಅನ್ನುವುದಕ್ಕೆ ಒಂದು ಕಾರಣ ಬೇಕಿತ್ತು. ಒಂಬತ್ತು ವರ್ಷ ಆ ಕಾಲನ್ನು ಮಡಿಸದೆ ನಡೆದರು, ಬೆಂಕಿ ಮುಂದೆ ಕೂತರು, ಕುದುರೆ ಹತ್ತಿದರು. 1959ರಲ್ಲಿ ಅಮೆರಿಕದ ಟಿವಿಯ ದೊಡ್ಡ ಪ್ರಶಸ್ತಿ ಎಮ್ಮಿ ಬಂತು.

ಈಗ ಇಬ್ಬರನ್ನೂ ಒಂದೇ ಚೌಕಟ್ಟಿನಲ್ಲಿ ನೋಡಿ. ಹಲಗೆಯ ಕಾಲುದಾರಿಯ ಮೇಲೆ ಇಬ್ಬರೂ ನಡೆದು ಬರುತ್ತಿದ್ದಾರೆ. ಗಟ್ಟಿ ಕಾಲಿನವನು ಕುಂಟುತ್ತಿದ್ದಾನೆ. ಗುಂಡು ಬಿದ್ದ ಕಾಲಿನವನು ನೆಟ್ಟಗೆ ನಡೆಯುತ್ತಿದ್ದಾನೆ. ಇಬ್ಬರೂ ನಟನೆ ಮಾಡುತ್ತಿದ್ದಾರೆ. ಒಬ್ಬರ ನಟನೆ ಎಲ್ಲರಿಗೂ ಕಂಡಿತು, ಪ್ರಶಸ್ತಿ ತಂದಿತು. ಇನ್ನೊಬ್ಬರ ನಟನೆ ಕಾಣದೇ ಇದ್ದರೇ ಅದು ಸರಿಯಾಗಿ ಆದ ಹಾಗೆ. ಆರ್ನೆಸ್ ಮೂರು ಸಲ ಎಮ್ಮಿಗೆ ನಾಮನಿರ್ದೇಶನ ಆದರು. ಒಮ್ಮೆಯೂ ಬರಲಿಲ್ಲ. ಡಾಕ್ಟರ್ ಪಾತ್ರದ ಮಿಲ್‌ಬರ್ನ್ ಸ್ಟೋನ್‌ಗೂ 1968ರಲ್ಲಿ ಬಂತು. ಇವರಿಗಿಲ್ಲ.

ಆ ದಿನದಿಂದ ನಾಲ್ಕನೆಯ ಕಾಲಂನಲ್ಲಿ ಕಾಲು ಅಂತ ಬರೆದೆ. ಕುದುರೆ ಹತ್ತಿದರಾ, ಹತ್ತುವುದನ್ನು ತೋರಿಸಿದರಾ, ಓಡಿದರಾ, ಮೆಟ್ಟಿಲಿತ್ತಾ. ಮೊದಲಿನ 200 ಕಂತುಗಳನ್ನು ಇದಕ್ಕಾಗಿ ಮತ್ತೆ ನೋಡಬೇಕಾಯಿತು. ಬೇಸರ ಆಗಲಿಲ್ಲ.

ನೀವೂ ಯಾವುದೇ ಒಬ್ಬ ನಟನನ್ನೋ ನಟಿಯನ್ನೋ ಹೀಗೆ ಹಿಂಬಾಲಿಸುವುದಾದರೆ, ಅವರ ಮೈಯಲ್ಲಿ ಒಂದು ಜಾಗ ಹುಡುಕಿಕೊಳ್ಳಿ. ಕೈ, ಕತ್ತು, ಕಾಲು, ಯಾವುದಾದರೂ. ಅದನ್ನೇ ಮೊದಲ ಕೆಲಸದಿಂದ ಕೊನೆಯ ಕೆಲಸದವರೆಗೂ ನೋಡಿ. ಕತೆ ಬರೆಯುವವರು ಬದಲಾಗುತ್ತಾರೆ, ನಿರ್ದೇಶಕರು ಬದಲಾಗುತ್ತಾರೆ, ಮೈ ಮಾತ್ರ ಒಂದೇ ಇರುತ್ತದೆ.

ಆ ಕಾಲದಲ್ಲಿ ಆರ್ನೆಸ್ ಒಬ್ಬರೇ ಇರಲಿಲ್ಲ. 1959ರ ಹೊತ್ತಿಗೆ ಅಮೆರಿಕದ ಟಿವಿಯಲ್ಲಿ ರಾತ್ರಿಯ ಮುಖ್ಯ ಹೊತ್ತಿನಲ್ಲಿ ಸುಮಾರು 30 ವೆಸ್ಟರ್ನ್ ಧಾರಾವಾಹಿ ಓಡುತ್ತಿದ್ದವು. ಕ್ಲಿಂಟ್ ಈಸ್ಟ್‌ವುಡ್ ರಾಹೈಡ್‌ನಲ್ಲಿ, ಸ್ಟೀವ್ ಮೆಕ್ವೀನ್ ಇನ್ನೊಂದರಲ್ಲಿ, ಜೇಮ್ಸ್ ಗಾರ್ನರ್ ಮ್ಯಾವೆರಿಕ್‌ನಲ್ಲಿ. ಗಾರ್ನರ್ ಕಂಪನಿಯೊಂದಿಗೆ ಕೋರ್ಟಿಗೆ ಹೋಗಿ 1960ರಲ್ಲಿ ಹೊರಬಂದರು. ಮೆಕ್ವೀನ್, ಈಸ್ಟ್‌ವುಡ್ ಸಿನಿಮಾಕ್ಕೆ ಹೋದರು, ಬಹಳ ದೊಡ್ಡವರಾದರು. ಗನ್‌ಸ್ಮೋಕ್‌ನಲ್ಲೇ ಕಮ್ಮಾರನ ಪಾತ್ರ ಮಾಡುತ್ತಿದ್ದ ಬರ್ಟ್ ರೆನಾಲ್ಡ್ಸ್ 1965ರಲ್ಲಿ ಬಿಟ್ಟು ಹೋಗಿ ಸ್ಟಾರ್ ಆದರು. ವೀವರ್ 1964ರಲ್ಲಿ ಹೋದರು. ಆರ್ನೆಸ್ ಉಳಿದರು. ಉಳಿದದ್ದಕ್ಕೆ ಅವರನ್ನು ಸಣ್ಣವರು ಅನ್ನುವವರಿದ್ದಾರೆ. ಅದೇ ಟೋಪಿ, ಅದೇ ಬೀದಿ, 20 ವರ್ಷ ಏನು ಮಾಡಿದರು ಅಂತ. ಕಂತುಗಳನ್ನು ಕ್ರಮವಾಗಿ ನೋಡಿದವರು ಹಾಗೆ ಹೇಳಲಾರರು. ಅರ್ಧ ಗಂಟೆಯ ಕಾಲದಲ್ಲಿ ಅವರು ಕೋಪಿಷ್ಠ, ಚುರುಕು, ಸ್ವಲ್ಪ ಒರಟು. ಒಂದು ಗಂಟೆಯ ಕಪ್ಪು ಬಿಳುಪು ಕಾಲದಲ್ಲಿ ಕತೆಯ ಭಾರ ಅತಿಥಿ ನಟರಿಗೆ ಹೋಗುತ್ತದೆ. ಇವರು ಕೇಳುವವರಾಗುತ್ತಾರೆ. ನಾನು ಆ ಮೊದಲ ಮಧ್ಯಾಹ್ನ ನೋಡಿದ್ದು ಈ ಕಾಲದ್ದು. ನನ್ನ ಪ್ರಕಾರ ಅವರ ಅತ್ಯುತ್ತಮ ಕೆಲಸ ಇರುವುದೂ ಇಲ್ಲಿಯೇ. ಬಣ್ಣದ ಕಾಲದಲ್ಲಿ ಅವರು ಇನ್ನೂ ಕಡಿಮೆ ಕಾಣುತ್ತಾರೆ. ಕೆಲವು ಕಂತುಗಳಲ್ಲಿ ಮೊದಲು ಒಮ್ಮೆ, ಕೊನೆಗೆ ಒಮ್ಮೆ. ಕತೆಯನ್ನು ಚೆಸ್ಟರ್ ಹೋದ ಮೇಲೆ ಸಹಾಯಕನಾದ ಫೆಸ್ಟಸ್, ಡಾಕ್ಟರ್, ಮಾರ್ಷಲ್‌ನ ಗೆಳತಿ ಕಿಟ್ಟಿ ಎಳೆಯುತ್ತಾರೆ. ನಾಲ್ಕನೆಯ ಕಾಲಂ ಪುಟಗಟ್ಟಲೆ ಖಾಲಿ ಇದೆ.

1957ರಿಂದ 1961ರವರೆಗೆ ನಾಲ್ಕು ಸೀಸನ್ ದೇಶಕ್ಕೇ ಮೊದಲ ಸ್ಥಾನದಲ್ಲಿದ್ದ ಕಾರ್ಯಕ್ರಮವನ್ನು 1967ರಲ್ಲಿ ನಿಲ್ಲಿಸಲು ಹೊರಟರು. ಸಿಬಿಎಸ್‌ನ ಮುಖ್ಯಸ್ಥ ವಿಲಿಯಂ ಪೇಲಿ ಅಡ್ಡ ಬಂದರು. ಶನಿವಾರದಿಂದ ಸೋಮವಾರಕ್ಕೆ ಹಾಕಿದರು. ಮತ್ತೆ ಮೊದಲ ಹತ್ತರೊಳಗೆ ಬಂದು ಕೂತಿತು, ಇನ್ನೂ ಎಂಟು ವರ್ಷ ನಡೆಯಿತು. ಇದಕ್ಕಿಂತ ಜಾಸ್ತಿ ಈ ಲೆಕ್ಕಾಚಾರದಲ್ಲಿ ನನಗೆ ಆಸಕ್ತಿ ಇಲ್ಲ.

ಕಿಟ್ಟಿ ಬಗ್ಗೆ ಹೇಳದೆ ಹೋಗಲಾರೆ. ಅಮಾಂಡಾ ಬ್ಲೇಕ್ 19 ಸೀಸನ್ ಆ ಪಾತ್ರ ಮಾಡಿದರು. ಮ್ಯಾಟ್‌ಗೂ ಕಿಟ್ಟಿಗೂ ಏನಿದೆ ಅಂತ ಊರಿಗೆಲ್ಲ ಗೊತ್ತು, ಇಬ್ಬರೂ ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮ ಮನೆಗಳಲ್ಲಿ ನಾವು ಕಂಡ ಪ್ರೀತಿಯೂ ಹೀಗೇ ಅಲ್ವಾ? ಎದುರಿಗೆ ಲೋಟ ಇಡುವುದರಲ್ಲಿ, ಬಾಗಿಲವರೆಗೆ ಬಂದು ನಿಲ್ಲುವುದರಲ್ಲಿ. ಇದನ್ನು ಕನ್ನಡದಲ್ಲಿ ಬರೆಯುವಾಗ ಒಂದು ಸಣ್ಣ ತೊಡಕು ಬಂತು. ಕಿಟ್ಟಿ ನಡೆಸುವುದು ಲಾಂಗ್ ಬ್ರಾಂಚ್ ಸಲೂನ್. ನಮ್ಮಲ್ಲಿ ಸಲೂನ್ ಅಂದರೆ ಕಟಿಂಗ್ ಶಾಪ್. ಇಲ್ಲಿನ ಕನ್ನಡ ಗೆಳತಿಯರ ಮುಂದೆ ಮೊದಲ ಕರಡು ಓದಿದಾಗ ಒಬ್ಬಾಕೆ, "ಅಲ್ಲಿ ಗಂಡಸರೆಲ್ಲ ಕುಡಿಯುತ್ತಾ ಕ್ಷೌರ ಮಾಡಿಸಿಕೊಳ್ಳುತ್ತಿದ್ದರಾ?" ಅಂತ ನಿಜವಾಗಿಯೂ ಕೇಳಿದರು. ಅವತ್ತೇ ಎಲ್ಲ ಕಡೆ ತಿದ್ದಿ ಹೆಂಡದಂಗಡಿ ಅಂತ ಮಾಡಿದೆ. ಮಾರ್ಷಲ್ ಅನ್ನುವುದನ್ನು ಹಾಗೇ ಬಿಟ್ಟೆ. ಪೊಲೀಸ್ ಅಂದರೆ ನಮ್ಮ ಕಣ್ಣಿಗೆ ಖಾಕಿ ಬರುತ್ತದೆ.

1975ರ ಮಾರ್ಚ್ 31ಕ್ಕೆ ಕೊನೆಯ ಕಂತು. ಅದು ಫೆಸ್ಟಸ್ ಸುತ್ತಲಿನ ಕತೆ. ವಿದಾಯ ಇಲ್ಲ. ಮುಗಿಯುತ್ತದೆ ಅಂತ ಗೊತ್ತಿದ್ದು ಮಾಡಿದ ಕಂತೇ ಅಲ್ಲ ಅದು. ಮುಂದಿನ ವರ್ಷಕ್ಕೆ ಬೇಡ ಅಂದರು, ಅಷ್ಟೇ. ಆ ಡಿಸ್ಕ್ ಮುಗಿದಾಗ ನಾನು ಟಿವಿ ಮುಂದೆ ಬಹಳ ಹೊತ್ತು ಕೂತೇ ಇದ್ದೆ. ಮಗಳು ಬಂದು ಲೈಟ್ ಹಾಕಿದಳು.

ಆಮೇಲೆ ಅವರು ಇನ್ನೊಂದು ವೆಸ್ಟರ್ನ್ ಧಾರಾವಾಹಿ ಮಾಡಿದರು, 1981ರಲ್ಲಿ ಒಂದು ಪೊಲೀಸ್ ಧಾರಾವಾಹಿ ಮಾಡಿದರು. 1987ರಲ್ಲಿ ಮತ್ತೆ ಮ್ಯಾಟ್ ಡಿಲ್ಲನ್ ಆಗಿ ಒಂದು ಟಿವಿ ಸಿನಿಮಾ, ಅದರಲ್ಲಿ ಅಮಾಂಡಾ ಬ್ಲೇಕ್ ಕೂಡ ಇದ್ದರು. ಎರಡು ವರ್ಷದಲ್ಲಿ ಆಕೆ ತೀರಿಹೋದರು. ಇಂಥದೇ 1990ರ ಟಿವಿ ಸಿನಿಮಾ ನನಗೆ ಬಹಳ ಇಷ್ಟ. 1973ರ ಒಂದು ಕಂತಿನಲ್ಲಿ ಮಾರ್ಷಲ್ ಗಾಯಗೊಂಡು ನೆನಪು ಕಳೆದುಕೊಳ್ಳುತ್ತಾನೆ. ಒಬ್ಬ ವಿಧವೆ ಅವನನ್ನು ನೋಡಿಕೊಳ್ಳುತ್ತಾಳೆ, ಇಬ್ಬರಲ್ಲೂ ಪ್ರೀತಿ ಬೆಳೆಯುತ್ತದೆ. ನೆನಪು ಬಂದ ಮೇಲೆ ಅವನು ಹೊರಟು ಹೋಗುತ್ತಾನೆ. 17 ವರ್ಷದ ನಂತರ, ಅದೇ ನಟಿ ಮೈಕಲ್ ಲರ್ನಡ್, ಅದೇ ಪಾತ್ರ. ಅವರಿಬ್ಬರಿಗೆ ಮಗಳಿದ್ದಾಳೆ ಅಂತ ಅವನಿಗೆ ಆಗ ಗೊತ್ತಾಗುತ್ತದೆ. ನಟ, ನಟಿ ಇಬ್ಬರಿಗೂ ನಿಜವಾಗಿಯೂ 17 ವರ್ಷ ಹೆಚ್ಚು ವಯಸ್ಸಾಗಿದೆ. ಯಾವ ಮೇಕಪ್ಪೂ ಅದನ್ನು ಮಾಡಲಾರದು. ಕೊನೆಯದು 1994ರಲ್ಲಿ. ಆಗ ಅವರಿಗೆ 70 ದಾಟಿತ್ತು. 2011ರ ಜೂನ್ 3ರಂದು ಲಾಸ್ ಏಂಜಲಿಸ್‌ನಲ್ಲಿ ತೀರಿಕೊಂಡರು, 88 ವರ್ಷ.

ಮೂರನೆಯ ಚಳಿಗಾಲದ ಕೊನೆಗೆ ನನ್ನ ಬಳಿ 11 ನೋಟ್‌ಬುಕ್ ಇದ್ದವು. ಊರಿಗೆ ಹೊರಡುವ ಹಿಂದಿನ ದಿನ ಮತ್ತೆ ಮೊದಲ ಕಂತು ಹಾಕಿದೆ, ದನಿ ಇಲ್ಲದೆ. ಮೊಮ್ಮಗ ಬಂದು ಪಕ್ಕದಲ್ಲಿ ಕೂತ. ಮಾರ್ಷಲ್ ಗುಂಡು ತಿಂದು ಬೀಳುತ್ತಾನೆ. ಮಲಗಿ ಎದ್ದು ಮತ್ತೆ ನಡೆಯಲು ಶುರು ಮಾಡುತ್ತಾನೆ. ಆಗ ಆರ್ನೆಸ್‌ಗೆ 32 ವರ್ಷ. ಆಂಜಿಯೊ ಆಗಿ 11 ವರ್ಷ. ಗಾಯಗೊಂಡ ಮನುಷ್ಯ ನೆಲಕ್ಕೆ ಹೇಗೆ ಕಾಲು ಊರುತ್ತಾನೆ ಅಂತ ಆ ಸೆಟ್ಟಿನಲ್ಲಿ ಯಾರೂ ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಹುಡುಗ ರಿಮೋಟ್ ತೆಗೆದುಕೊಂಡು ಆ ಜಾಗಕ್ಕೆ ಹಿಂದಕ್ಕೆ ಹಾಕಿದ. "ಇಲ್ಲಿ, ಅಜ್ಜಿ" ಅಂದ. ನಾನು ಪೆನ್ನು ತೆಗೆದುಕೊಂಡು ನಾಲ್ಕನೆಯ ಕಾಲಂ ತುಂಬಿದೆ.